ತೂತುಮೂಗಿನವನೂ ತಾಮ್ರದ ನೂಲೂ

ಅವನು ಸತ್ತ ದಿನ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: ದೇವರಂಥ ಮನುಷ್ಯ. ಹೆಂಡತಿ ಗೋಡೆಗೆ ಒರಗಿ ಕೂತು ಕೇಳಿಸಿಕೊಂಡಳು. ಮೂಗಿನ ಒಂದು ಹೊಳ್ಳೆಗೆ ದಾರ ತೂರಿಸಿ ಇನ್ನೊಂದು ಹೊಳ್ಳೆಯಿಂದ ಎಳೆಯುವ ದೇವರನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಇವನು ಎಳೆಯುತ್ತಿದ್ದ. ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ನಾಲ್ಕು ಜನ ಸೇರಿದರೆ ಸಾಕು, ಜೇಬಿನಿಂದ ದಾರ ಹೊರಗೆ ಬರುತ್ತಿತ್ತು. ಮಕ್ಕಳು ಕಿರುಚುತ್ತಿದ್ದವು. ಹೆಂಗಸರು ಛೀ ಎಂದು ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡುತ್ತಿದ್ದರು. ಊರಿಗೆಲ್ಲ ಅವನು ತೂತುಮೂಗ. ಹೆಂಡತಿಯನ್ನು ತೂತುಮೂಗನ ಹೆಂಡತಿ ಎನ್ನುತ್ತಿದ್ದರು. ಅವಳ ಸ್ವಂತ ಮೂಗು ಚೆನ್ನಾಗಿಯೇ ಇತ್ತು, ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಆ ತೂತು ಹುಟ್ಟಿನಿಂದ ಬಂದದ್ದಲ್ಲ. ಕ್ರೋಮ್ ತೊಟ್ಟಿ ಕೊಟ್ಟದ್ದು. ಅವಳ ಅಣ್ಣನಿಗೆ ಒಂದು ಪ್ಲೇಟಿಂಗ್ ಕಾರ್ಖಾನೆ ಇತ್ತು. ನಲ್ಲಿ, ಬಾಗಿಲ ಹಿಡಿ, ಸೈಕಲ್ಲಿನ ಹ್ಯಾಂಡಲ್, ಇವುಗಳಿಗೆ ಹೊಳಪು ಏರಿಸುವ ಕೆಲಸ. ಸಾಮಾನನ್ನು ಕೊಕ್ಕೆಗೆ ಸಿಕ್ಕಿಸಿ ತೊಟ್ಟಿಯೊಳಗೆ ಇಳಿಬಿಟ್ಟು ಕರೆಂಟ್ ಹರಿಸಿದರೆ ನೀರು ಕುದಿದಂತೆ ಗುಳ್ಳೆ ಏಳುತ್ತದೆ, ಹಳದಿ ಮಂಜು ಮೇಲೆ ಬರುತ್ತದೆ. ಆ ಮಂಜು ಮೂಗಿನ ನಡುಗೋಡೆಯನ್ನು ತಿನ್ನುತ್ತದೆ. ನೋವು ಗೊತ್ತಾಗುವುದಿಲ್ಲ. ಇಲಿ ಗೋಡೆ ಕೊರೆದ ಹಾಗೆ, ಒಂದು ದಿನ ನೋಡಿದರೆ ಆಚೆ ಕಡೆಯ ಬೆಳಕು ಕಾಣುತ್ತದೆ. ಅವನಿಗೂ ಹಾಗೆಯೇ ಆಯಿತು. ಅಳಬೇಕಾದ ಕಡೆ ಅವನು ದಾರ ಹುಡುಕಿದ.

ಹೆಂಡತಿಯೂ ಅದೇ ಕಾರ್ಖಾನೆಯಲ್ಲಿದ್ದಳು. ಹೊಳಪಾದ ನಲ್ಲಿಗಳನ್ನು ಒರೆಸಿ ಕಾಗದ ಸುತ್ತುವುದು ಅವಳ ಕೆಲಸ. ಗಂಡ ಕೆಮ್ಮಿದರೆ ಅವಳ ಮೇಜಿನವರೆಗೆ ಕೇಳುತ್ತಿತ್ತು. ಕೆಮ್ಮು ಹೆಚ್ಚಾದ ವರ್ಷ ಅವನ ಅಂಗಿ ಹಿಡಿದು ಎಳೆದುಕೊಂಡೇ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ಟಾರ್ಚ್ ಹಾಕಿ ನೋಡಿ, "ಮೂಗಿನ ಗೋಡೆ ಹೋಯ್ತು. ಎದೆ ಇನ್ನೂ ಪರವಾಗಿಲ್ಲ. ಆ ತೊಟ್ಟಿ ಬಿಡಿ. ಬಿಡಲ್ಲ ಅಂದ್ರೆ ಇನ್ನೊಂದ್ಸಲ ನನ್ನ ಹತ್ರ ಬರಬೇಡಿ" ಎಂದರು.

"ಹಾಗಾದ್ರೆ ಫೀಸು ಉಳೀತು ಬಿಡಿ" ಎಂದ ಇವನು.

ಡಾಕ್ಟರು ನಗಲಿಲ್ಲ. ಹೆಂಡತಿಯೂ ನಗಲಿಲ್ಲ. ದಾರಿಯುದ್ದಕ್ಕೂ ಅವನೊಬ್ಬನೇ ನಕ್ಕ.

ಆಗ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಹೊಸದೊಂದು ಕೆಲಸ ಶುರುವಾಗಿತ್ತು. ರಸಾಯನ ಓದಿದ ಒಬ್ಬ ಹೆಂಗಸು, ಮೂವತ್ತರ ಆಸುಪಾಸಿನವಳು, ಅಣ್ಣನ ಜೊತೆ ಪಾಲುದಾರಳಾಗಿ ಸೇರಿದ್ದಳು. ಅಂಟಿನಂತೆ ಕರಗಿಸಿದ ನೈಲಾನನ್ನು ಪಿಚಕಾರಿಗೆ ತುಂಬಿ, ಅದರ ಸೂಜಿಗೆ ಭಾರೀ ಕರೆಂಟ್ ಕೊಡುತ್ತಿದ್ದಳು. ಎದುರಿಗೆ ಒಂದು ಉರುಳೆ ತಿರುಗುತ್ತಿತ್ತು. ಸೂಜಿಯ ತುದಿಯಿಂದ ಕಣ್ಣಿಗೆ ಕಾಣದ ಎಳೆ ಹಾರಿ ಉರುಳೆಗೆ ಸುತ್ತಿಕೊಳ್ಳುತ್ತಿತ್ತು. ಒಂದು ತಲೆಕೂದಲಿನ ದಪ್ಪದಲ್ಲಿ ಅಂಥ ಎಳೆ ನೂರಾರು ಹಿಡಿಸುತ್ತವಂತೆ. ಮಧ್ಯಾಹ್ನದ ಹೊತ್ತಿಗೆ ಉರುಳೆಯ ಮೇಲೆ ಒಂದು ಬಿಳಿ ಹಾಳೆ ಕೂತಿರುತ್ತಿತ್ತು, ಹಾಲಿನ ಕೆನೆಯಷ್ಟು ತೆಳ್ಳಗೆ. ಅದಕ್ಕೆ ತಾಮ್ರ ಹತ್ತಿಸಬೇಕು. ಹಾಳೆ ಬಟ್ಟೆಯಂತೆ ಬಾಗಬೇಕು, ಗಾಳಿ ಬಿಡಬೇಕು, ತಂತಿಯಂತೆ ಕರೆಂಟೂ ಒಯ್ಯಬೇಕು. ಆಸ್ಪತ್ರೆಯ ಯಂತ್ರಗಳೊಳಗೆ ಹೊದಿಸಲು ಒಬ್ಬ ಗಿರಾಕಿ ಕೇಳಿದ್ದ.

ತೂತುಮೂಗ ಒಂದು ದಿನ ಬಾಗಿಲಲ್ಲಿ ನಿಂತು ಸೂಜಿಯನ್ನೂ ಉರುಳೆಯನ್ನೂ ನೋಡಿ, "ಥೂ, ಜೇಡ!" ಎಂದ. ಅಂದಿನಿಂದ ಅವಳು ಜೇಡಮ್ಮ. ಎದುರಿಗೆ ಮೇಡಂ, ಹಿಂದೆ ಜೇಡಮ್ಮ. ಸ್ವಲ್ಪ ದಿನಕ್ಕೆ ಎದುರಿಗೂ ಜೇಡಮ್ಮನೇ ಆಯಿತು, ಅವಳೂ ಓಗೊಟ್ಟಳು.

ಹೆಂಡತಿ ನೋಡಿದ್ದು ಸೂಜಿಯನ್ನಲ್ಲ. ಆ ಕೋಣೆಯ ತೊಟ್ಟಿ ಒಂದು ಗಾಜಿನ ಗೂಡಿನೊಳಗಿತ್ತು. ಮೇಲೆ ಹೊಗೆ ಎಳೆಯುವ ಕೊಳವೆ. ಅದಿಲ್ಲದೆ ಕೆಲಸ ಮುಟ್ಟುವುದಿಲ್ಲ ಎಂದು ಜೇಡಮ್ಮ ಮೊದಲ ದಿನವೇ ಪಟ್ಟು ಹಿಡಿದಿದ್ದಳು. ಹೆಂಡತಿ ಕೈ ಒರೆಸಿಕೊಂಡು ಸೀದಾ ಅಣ್ಣನ ಕೋಣೆಗೆ ಹೋದಳು.

"ಅಣ್ಣಾ, ಅವರನ್ನ ಹಿಂದಿನ ಕೋಣೆಗೆ ಹಾಕು."

"ಅದು ನಾಜೂಕಿನ ಕೆಲಸ ಕಣೇ. ನಿನ್ನ ಗಂಡ ಲೋಟ ಇಟ್ಟರೂ ಮೇಜು ಅಲ್ಲಾಡುತ್ತೆ."

"ಕಲೀತಾರೆ."

"ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ."

"ದಬ್ಬೆ ಕಟ್ಟೋದು ನನಗೆ ಬಿಡು, ಮದುವೆ ಆದಾಗಿಂದ ಅದೇ ಕೆಲಸ. ನೀನು ಜಾಗ ಕೊಡು. ಅವರು ಆ ತೊಟ್ಟಿ ಹತ್ರ ಇನ್ನೊಂದು ವರ್ಷ ನಿಂತರೆ ಸಾಯ್ತಾರೆ."

ಅಣ್ಣ ಸ್ವಲ್ಪ ಹೊತ್ತು ಪೆನ್ನಿನಿಂದ ಕಿವಿ ಕೆರೆದುಕೊಂಡ. "ತಿಂಗಳ ಕೊನೆಗೆ ಗಿರಾಕಿ ಬರ್ತಾನೆ. ಅವನ ಕಣ್ಣೆದುರಿಗೆ ನಿನ್ನ ಗಂಡ ಒಂದು ಹಾಳೆ ಹರೀದೆ, ಎರಡೂ ಕಡೆ ತಾಮ್ರ ಹತ್ತಿಸಿ ತೋರಿಸಲಿ. ಆ ಕೋಣೆ ಅವನದೇ. ಆಗಲಿಲ್ಲ ಅಂದ್ರೆ ಬೇರೆಯವರನ್ನ ತರ್ತೀನಿ, ಅವನು ಕ್ರೋಮಿಗೆ ವಾಪಸ್."

ಹಾಗೆ ತೂತುಮೂಗ ಹಿಂದಿನ ಕೋಣೆಗೆ ಹೋದ, ಅದೂ ಗೊಣಗುತ್ತ. ಮೊದಲ ದಿನವೇ ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿ, "ಕರೆಂಟ್ ಎಲ್ಲಿ ಕೊಡೋದು?" ಎಂದು ಕೇಳಿದ.

"ತೊಟ್ಟಿಗೆ ಕರೆಂಟ್ ಬೇಡ ಮೇಸ್ತ್ರಿ" ಎಂದಳು ಜೇಡಮ್ಮ. "ಮದ್ದೇ ತಾಮ್ರ ಹತ್ತಿಸುತ್ತೆ."

"ಗಂಡನಿಲ್ಲದೆ ಮಕ್ಕಳಾದ ಹಾಗೆ!"

"ಹಾಗೇ ಅಂದ್ಕೊಳ್ಳಿ."

ಅವಳು ಬಿಡಿಸಿ ಹೇಳಿದಳು. ನೈಲಾನಿನಲ್ಲಿ ಕರೆಂಟ್ ಓಡುವುದಿಲ್ಲ, ಅದಕ್ಕೇ ಬೇರೆ ದಾರಿ. ಮೊದಲು ತವರದ ಉಪ್ಪಿನ ನೀರಿನಲ್ಲಿ ಅದ್ದಬೇಕು. ಆಮೇಲೆ ಪಲ್ಲಾಡಿಯಂ ಎಂಬ ದುಬಾರಿ ಲೋಹದ ನೀರಿನಲ್ಲಿ. ಅದರ ಕಣಗಳು ಎಳೆಯ ಮೈತುಂಬ ಬೀಜದಂತೆ ಕೂರುತ್ತವೆ. ಕೊನೆಗೆ ತಾಮ್ರದ ನೀಲಿ ನೀರು, ಅದರಲ್ಲಿ ಫಾರ್ಮಲಿನ್. ತಾಮ್ರ ಆ ಬೀಜಗಳನ್ನು ಹುಡುಕಿಕೊಂಡು ಬಂದು ಹತ್ತುತ್ತದೆ, ಆಮೇಲೆ ತಾಮ್ರದ ಮೇಲೆ ತಾಮ್ರ. ತೂತುಮೂಗ ತಲೆಯಾಡಿಸಿದ. ಒಂದಕ್ಷರವನ್ನೂ ನಂಬಲಿಲ್ಲ.

ಮೊದಲ ಹಾಳೆಯನ್ನು ಅವನು ನಲ್ಲಿ ತಿಕ್ಕಿದ ಹಾಗೆ ತಿಕ್ಕಿ ತೊಳೆದ. ಪ್ಲೇಟಿಂಗಿನಲ್ಲಿ ತೊಳೆಯುವುದೇ ಅರ್ಧ ಕೆಲಸ ಎಂದು ಅವನ ಗುರು ಕಲಿಸಿದ್ದ. ಕೈಯಲ್ಲಿ ಉಳಿದದ್ದು ನೆಗಡಿಯಾದ ಮಗುವಿನ ಮೂಗಿನಿಂದ ಇಳಿಯುವಂಥದ್ದು.

ಎರಡನೆಯದನ್ನು ಚೌಕಟ್ಟಿಗೆ ಹಾಕುವ ಮೊದಲೇ ಸೀನಿದ. ಅವನ ಸೀನು ಎಂದರೆ ಬೀದಿಯ ನಾಯಿ ಎದ್ದು ಕೂರುವಂಥದ್ದು. ಹಾಳೆ ಹಾರಿ ಹೋಗಿ ಜೇಡಮ್ಮನ ಮುಖಕ್ಕೆ ಅಂಟಿತು. ಅವಳು ಹುಬ್ಬಿನಿಂದ ನೈಲಾನ್ ಕೀಳುತ್ತ, "ಮೇಸ್ತ್ರಿ, ನನಗೆ ತಾಮ್ರ ಹತ್ತಿಸೋದು ಬೇಡ" ಎಂದಳು.

ಮೂರನೆಯ ಸಲ ಅವನು ತೊಟ್ಟಿಯ ಹಿಂದೆ ಕೂತು ಏನೋ ಮಾಡುತ್ತಿದ್ದ. ಅವಳು ಬಗ್ಗಿ ನೋಡಿದರೆ ಕೈಯಲ್ಲಿ ವೈರು. ಆಚೆಯ ನಿಕ್ಕಲ್ ತೊಟ್ಟಿಯಿಂದ ಎಳೆದು ತಂದಿದ್ದ.

"ನಂಬಿಕೆ ಇಲ್ವಾ ಮೇಸ್ತ್ರಿ?"

"ನಂಬಿಕೆ ಇದೆ ಜೇಡಮ್ಮ. ಪಾಪ, ಮದ್ದೊಂದಕ್ಕೇ ಕಷ್ಟ ಆಗುತ್ತೆ, ಸ್ವಲ್ಪ ಕೈ ಜೋಡಿಸೋಣ ಅಂತ."

ಅವಳು ವೈರನ್ನು ಕತ್ತರಿಸಿ ಬಿಸಾಡಿದಳು. ಗಾಜಿನ ಕಡ್ಡಿ ಕೈಗೆ ಕೊಟ್ಟು, "ಹಾಳೆ ಮೇಲೆ ಗುಳ್ಳೆ ಕೂತು ತೇಲಿದರೆ ಮೆಲ್ಲಗೆ ಒಳಗೆ ಒತ್ತಿ. ಅಷ್ಟೇ ನಿಮ್ಮ ಕೆಲಸ. ಉಳಿದ ಹೊತ್ತು ಸುಮ್ಮನೆ ಕಾಯಿರಿ" ಎಂದಳು. ಸುಮ್ಮನೆ ಕಾಯುವುದು! ಆ ಗಂಡಸಿಗೆ ನಿದ್ದೆಯಲ್ಲೂ ಬಾರದ ವಿದ್ಯೆ ಅದು.

ಆದರೂ ಒಂದು ಸಂಜೆ ಅವನು ಒದ್ದೆ ಕೈಗವಸಿನಲ್ಲೇ ಓಡಿ ಬಂದು ಹೆಂಡತಿಯ ರಟ್ಟೆ ಹಿಡಿದ. "ಏಯ್, ಬಾ ಇಲ್ಲಿ. ನಲ್ಲಿ ಬಿಸಾಕು, ಬಾ."

ಅವಳು ಹೋಗಿ ನೋಡಿದಳು. ನೀಲಿ ನೀರಿನೊಳಗೆ ಬಿಳಿ ಹಾಳೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಬೂದಿ ಕಂದಾಯಿತು. ಕಂದು ನೋಡನೋಡುತ್ತ ಕೆಂಪಗೆ ಹೊಳೆಯಿತು. ಯಾರೂ ಮುಟ್ಟಿರಲಿಲ್ಲ, ಯಾವ ವೈರೂ ಇರಲಿಲ್ಲ. ಹಾಳೆ ತೊಳೆದು ಒಣಗಿದ ಮೇಲೆ ಅವನು ಅದನ್ನು ಹೆಂಡತಿಯ ಕೆನ್ನೆಯ ಮುಂದೆ ಹಿಡಿದು ಆಚೆಯಿಂದ ಊದಿದ. ತಾಮ್ರವನ್ನು ದಾಟಿ ಬಿಸಿ ಉಸಿರು ಅವಳ ಕೆನ್ನೆಗೆ ತಾಗಿತು.

"ನೋಡಿದ್ಯಾ? ಲೋಹ ಕಣೇ ಇದು. ಉಸಿರಾಡುತ್ತೆ."

ಅವನು ಆ ಹಾಳೆಗೆ ಮನಸೋತದ್ದು ಅಲ್ಲೇ. ಹೆಂಡತಿಯನ್ನು ನೋಡಲು ಬಂದ ದಿನವೂ ಅವನ ಮುಖ ಹಾಗೆ ಅರಳಿರಲಿಲ್ಲ. ಅವಳು ಅದನ್ನು ಹೇಳಿಯೂ ಹೇಳಿದಳು. "ಆವತ್ತು ನೀನು ಹೊಳೀತಿರ್ಲಿಲ್ಲ" ಎಂದ.

ತಾನು ಗೆದ್ದೆ ಎಂದುಕೊಂಡಳು. ಗಂಡ ಉಳಿದ. ಆದರೆ ಪ್ಲೇಟಿಂಗಿನವನ ತಲೆ ಪ್ಲೇಟಿಂಗಿನವನದೇ.

ಕಾರ್ಖಾನೆಯ ಮುಂಭಾಗದಲ್ಲಿ ನಿಕ್ಕಲ್ ತೊಟ್ಟಿಯ ನೀರನ್ನು ಯಾರೂ ಚೆಲ್ಲುವುದಿಲ್ಲ. ಅಣ್ಣನ ಅಪ್ಪನ ಕಾಲದ ನೀರು ಅದು. ಸೋಸುತ್ತಾರೆ, ಕಮ್ಮಿಯಾದದ್ದನ್ನು ತುಂಬುತ್ತಾರೆ, ಕಾಪಾಡುತ್ತಾರೆ. ಹೊಸ ತೊಟ್ಟಿ ಹೂಡಿದರೆ ಹಳೆಯದರಿಂದ ಒಂದು ಬಕೆಟ್ ತಂದು ಸುರಿಯುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹಳೇ ನೀರು ಹೊಸ ನೀರಿಗೆ ಬುದ್ಧಿ ಹೇಳುತ್ತೆ ಎಂಬುದು ಅವರ ಮಾತು. ತೂತುಮೂಗ ಆ ಒಳ್ಳೆಯ ಹಾಳೆ ಕೊಟ್ಟ ನೀಲಿ ನೀರಿನಲ್ಲಿ ಒಂದು ಮಗ್ ತೆಗೆದು ಬೆಂಚಿನ ಕೆಳಗೆ ಮುಚ್ಚಿಟ್ಟ. ಜೇಡಮ್ಮನಿಗೆ ಹೇಳಲಿಲ್ಲ.

ಗಿರಾಕಿ ಬರುವ ಹಿಂದಿನ ದಿನ ಜೇಡಮ್ಮ ಹೊಸ ನೀರು ಹೂಡಿದಳು. ಹಾಳೆ ತರಲು ಆಚೆ ಹೋದಳು. ಇವನು ಮಗ್ ತೆಗೆದು ಸುರಿದ.

ಆ ಹಳೇ ನೀರಿನ ತಳದಲ್ಲಿ ತಾಮ್ರದ ಪುಡಿ ಕೂತಿತ್ತು. ಹೊಸ ನೀರಿನ ತಾಮ್ರಕ್ಕೆ ಹತ್ತಲು ಜಾಗ ಬೇಕಿತ್ತು ಅಷ್ಟೇ, ಒಂದೊಂದು ಪುಡಿಯೂ ಜಾಗವಾಯಿತು. ತೊಟ್ಟಿ ನೊರೆ ಉಕ್ಕಿತು. ನೀಲಿ ಬಣ್ಣ ಕಣ್ಣ ಮುಂದೆಯೇ ಮಾಯವಾಯಿತು. ಜೇಡಮ್ಮ ಓಡಿ ಬರುವಷ್ಟರಲ್ಲಿ ತೊಟ್ಟಿಯ ಗೋಡೆಗೆ ತಾಮ್ರ, ಗಾಜಿನ ಕಡ್ಡಿಗೆ ತಾಮ್ರ, ಥರ್ಮಾಮೀಟರಿಗೆ ತಾಮ್ರ. ತಳದಲ್ಲಿ ಕೆಂಪು ಕೆಸರು.

"ಏನು ಹಾಕಿದ್ರಿ?"

"ಹೆಪ್ಪು."

ಅವಳು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತಳು. ಆಮೇಲೆ, "ಮೇಸ್ತ್ರಿ, ಇದು ಮೊಸರಲ್ಲ" ಎಂದಳು.

ಸದ್ದು ಕೇಳಿ ಅಣ್ಣ ಬಂದ. ತಾಮ್ರದ ಥರ್ಮಾಮೀಟರನ್ನು ಎತ್ತಿ ಹಿಡಿದು ನೋಡಿದ. "ವಾಹ್ ಭಾವ. ಹಾಳೆ ಒಂದು ಬಿಟ್ಟು ಎಲ್ಲಕ್ಕೂ ಹತ್ತಿಸಿದ್ದೀಯ. ನಿನ್ನ ಏಪ್ರನ್ನು ಕ್ರೋಮ್ ತೊಟ್ಟಿ ಹತ್ರಾನೇ ನೇತಾಡ್ತಿದೆ, ಮರೀಬೇಡ."

ಮನೆಗೆ ಬಂದು ಅವನು ಊಟದ ತಟ್ಟೆಯ ಮುಂದೆ ಕೂತ. ಕೈ ಇಡಲಿಲ್ಲ.

"ಇಷ್ಟು ವರ್ಷದಲ್ಲಿ ಯಾವ ನೀರೂ ನನಗೆ ಕೈ ಕೊಟ್ಟಿರ್ಲಿಲ್ಲ ಕಣೇ."

"ನೀರಿಗೆ ನೀವು ಯಾರು ಅಂತಾನೇ ಗೊತ್ತಿಲ್ಲ. ನಾಳೆ ಅವಳು ಹೇಳಿದಷ್ಟು ಮಾಡಿ. ತಲೆ ಮನೇಲಿ ಬಿಟ್ಟು ಹೋಗಿ."

"ತಲೆ ಇಲ್ದೆ ಹೋಗ್ಲಾ?"

"ಇದ್ದಾಗ ಏನು ಕಡಿದು ಗುಡ್ಡೆ ಹಾಕಿದ್ರಿ?"

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. "ರೀ, ಆ ತೊಟ್ಟಿಗೆ ವಾಪಸ್ ಹೋಗಬೇಡಿ. ನನಗೆ ನೀವು ಬೇಕು" ಎಂದಳು. ಮದುವೆಯಾದ ಮೇಲೆ ಆ ಮಾತು ಹೇಳಿದ್ದು ಅದೊಂದೇ ಸಲ. ಅವನು ಗಾಬರಿಯಾಗಿ ಇಡೀ ತಟ್ಟೆ ಖಾಲಿ ಮಾಡಿದ.

ಬೆಳಿಗ್ಗೆ ಅವನು ಬೇಗ ಹೋಗಿ ಆಸಿಡ್ ಹಾಕಿ ತೊಟ್ಟಿಯ ತಾಮ್ರವನ್ನೆಲ್ಲ ಬೋಳಿಸಿದ. ಜೇಡಮ್ಮ ಹೊಸ ನೀರು ಹೂಡಿದಳು. ಗಿರಾಕಿ ಬಂದ. ಗಡಿಯಾರ ನೋಡಿಕೊಳ್ಳುವುದನ್ನೇ ಕಸುಬು ಮಾಡಿಕೊಂಡಂಥ ಸಣಕಲು ಮನುಷ್ಯ. ಹೆಂಡತಿ ನಲ್ಲಿ ಬಿಟ್ಟು ಬಾಗಿಲಲ್ಲಿ ನಿಂತಳು, ಅಣ್ಣ ಗದರಿದರೂ ಕದಲಲಿಲ್ಲ.

ತವರದ ನೀರು ಆಯಿತು. ತೊಳೆದದ್ದಾಯಿತು. ಪಲ್ಲಾಡಿಯಂ ಆಯಿತು. ಮತ್ತೆ ತೊಳೆದು ಹಾಳೆಯನ್ನು ಚೌಕಟ್ಟಿನೊಂದಿಗೆ ನೀಲಿ ನೀರಿಗೆ ಇಳಿಸಿದ. ಹಾಳೆ ಬೂದಿಗೆ ತಿರುಗುವ ಹೊತ್ತಿಗೆ ಅವನ ಮುಖ ಸೊಟ್ಟಗಾಯಿತು. ಕಣ್ಣು ಮೇಲೆ ಹೋಯಿತು. ಹೆಂಡತಿಗೆ ಗೊತ್ತಾಯಿತು: ಸೀನು! ಅವನು ಕಡ್ಡಿಯನ್ನು ಜೇಡಮ್ಮನ ಕೈಗೆ ತುರುಕಿ, ಎರಡೂ ಕೈಯಲ್ಲಿ ಮೂಗು ಅದುಮಿಕೊಂಡು, ಗಿರಾಕಿಯನ್ನು ಭುಜದಿಂದ ತಳ್ಳಿ ಅಂಗಳಕ್ಕೆ ಓಡಿದ. ಹೊರಗೆ ಗುಡುಗಿತು. ಗಿರಾಕಿಯ ಕಾರಿನ ಅಲಾರಂ ಬಡಿದುಕೊಳ್ಳತೊಡಗಿತು. ಅವನು ಮುಖ ತೊಳೆದು ಬಂದು ಕಡ್ಡಿ ವಾಪಸ್ ಇಸಕೊಂಡು, ಏನೂ ಆಗಿಯೇ ಇಲ್ಲವೆಂಬಂತೆ ಕಾಯುತ್ತ ನಿಂತ.

ಹಾಳೆ ಇಡಿಯಾಗಿ ಬಂತು. ಗಿರಾಕಿ ಒಣಗಿಸಿಕೊಂಡು, ಬಗ್ಗಿಸಿ, ಮಡಚಿ, ಮೀಟರಿನ ಎರಡು ಕಡ್ಡಿಗಳನ್ನು ಎರಡು ಮೂಲೆಗೆ ಇಟ್ಟ. ಮೀಟರು ಕಿಂಯ್ ಎಂದಿತು. ಹಾಳೆ ತಿರುಗಿಸಿ ಇಟ್ಟ. ಮತ್ತೆ ಕಿಂಯ್.

"ಯಾರು ಮಾಡಿದ್ದು ಇದು?"

"ನಮ್ಮ ಮೇಸ್ತ್ರಿ" ಎಂದಳು ಜೇಡಮ್ಮ.

"ಮದ್ದು ಮಾಡಿದ್ದು ಸ್ವಾಮಿ. ನಾನು ಸುಮ್ಮನೆ ಕಾದೆ" ಎಂದ ತೂತುಮೂಗ.

ಗಿರಾಕಿ ಹೋದ ಮೇಲೆ ಅಣ್ಣನ ಮುಖ ಹಲಸಿನ ಹಣ್ಣಿನಷ್ಟು ಅಗಲವಾಗಿತ್ತು. "ಗೆದ್ದೆ ಭಾವ! ನಾಳೆಯಿಂದ ನೀನು ಇಲ್ಲೇ. ಕ್ರೋಮಿಗೆ ಆ ಪ್ಯಾಕಿಂಗ್ ಕುಳ್ಳನ್ನ ಹಾಕ್ತೀನಿ."

ಕುಳ್ಳ ಎಂದರೆ ನಲ್ಲಿಗಳನ್ನು ಪೆಟ್ಟಿಗೆಗೆ ತುಂಬುವವನು. ಎರಡು ಮಕ್ಕಳ ತಂದೆ, ಬಾಯಿಲ್ಲದ ಮನುಷ್ಯ.

ಹೆಂಡತಿ ಮನೆಗೆ ಹೊರಡೋಣ ಎಂದು ಗಂಡನನ್ನು ನೋಡಿದಳು. ಅವನು ನಗುತ್ತಿರಲಿಲ್ಲ.

"ಕುಳ್ಳನ ಮೂಗು ಸರಿಯಾಗಿ ತೊಟ್ಟಿ ಅಂಚಿಗೆ ಬರುತ್ತೆ ಭಾವ."

"ಬಂದರೆ?"

"ನನಗೆ ತೂತಾಗೋಕೆ ವರ್ಷಗಟ್ಟಲೆ ಹಿಡೀತು. ಅವನಿಗೆ ಅಷ್ಟು ಹಿಡಿಯಲ್ಲ. ಅಲ್ಲೂ ಒಂದು ಹೊಗೆ ಎಳೆಯೋ ಫ್ಯಾನ್ ಹಾಕು. ಜೇಡಮ್ಮನಿಗೆ ಹಾಕಿಕೊಟ್ಟಿಲ್ವಾ?"

"ಅವಳು ಹಠ ಹಿಡಿದಳು, ಹಾಕಿದೆ."

"ನಾನೂ ಹಿಡೀತೀನಿ. ಫ್ಯಾನ್ ಇಲ್ಲ ಅಂದ್ರೆ ನಾನೇ ವಾಪಸ್ ಹೋಗ್ತೀನಿ. ನನ್ನದು ಹೇಗೂ ಹಾಳಾದ ಮೂಗು. ಹೊಸ ಮೂಗು ಯಾಕೆ ಕೆಡಿಸ್ತೀಯ?"

"ಹೋಗು ಹಾಗಾದ್ರೆ" ಎಂದ ಅಣ್ಣ.

ತೂತುಮೂಗ ಹೋಗಿಯೇ ಬಿಟ್ಟ. ಗೂಟದಿಂದ ಏಪ್ರನ್ ತೆಗೆದು ಕತ್ತಿಗೆ ಹಾಕಿಕೊಂಡ.

ಹೆಂಡತಿಗೆ ಮೈ ಉರಿಯಿತು. ಕುಳ್ಳನ ಮೂಗು ಅವಳಿಗೆ ಬೇಕಿರಲಿಲ್ಲ. ಊರವರ ಮೂಗೆಲ್ಲ ಉದುರಿಹೋದರೂ ಸರಿ, ಅವಳಿಗೆ ಬೇಕಾದದ್ದು ಒಂದೇ ಎದೆ, ಅದರೊಳಗಿನ ಉಸಿರು. ಅದಕ್ಕಾಗಿ ಅಣ್ಣನ ಕಾಲು ಹಿಡಿಯುವುದೊಂದು ಬಾಕಿಯಿತ್ತು. ಈ ಮನುಷ್ಯ ಕೈಗೆ ಬಂದದ್ದನ್ನು ಕುಳ್ಳನ ಮೂಗಿಗೆ ದಾನ ಮಾಡಿ ಧರ್ಮರಾಯನಂತೆ ನಿಂತಿದ್ದ. ಅವನ ಕೆನ್ನೆಗೆ ಬಿಗಿಯಬೇಕು ಅನ್ನಿಸಿತು. ಬಿಗಿಯಲಿಲ್ಲ. ಕ್ರೋಮ್ ತೊಟ್ಟಿಯ ಮೆಟ್ಟಿಲಿಗೆ ಹೋಗಿ ಗಂಡನ ಪಕ್ಕದಲ್ಲಿ ಕೂತಳು.

"ಎದ್ದೇಳೇ, ಅದು ಕೂರೋ ಜಾಗ ಅಲ್ಲ" ಎಂದ ಅಣ್ಣ.

"ಇವತ್ತಿಂದ ನಾನೂ ಇಲ್ಲೇ. ನಲ್ಲಿ ಇಲ್ಲಿಗೇ ಕಳಿಸು, ಇಲ್ಲೇ ಒರೆಸ್ತೀನಿ. ಮೊದಲು ಅಮ್ಮನಿಗೆ ಒಂದು ಫೋನ್ ಮಾಡು. ಅಮ್ಮಾ, ನಿನ್ನ ಮಗಳಿಗೂ ದಾರ ಹಾಕೋ ಮೂಗು ಮಾಡಿಸ್ತಿದೀನಿ ಅಂತ ನೀನೇ ಹೇಳು."

ಅಣ್ಣ ಆಸಿಡ್ಡಿಗೆ ಹೆದರುವವನಲ್ಲ, ಅಧಿಕಾರಿಗಳಿಗೆ ಹೆದರುವವನಲ್ಲ. ಅಮ್ಮನ ಬಾಯಿಗೆ ಹೆದರುತ್ತಿದ್ದ. ಕೆಲಸದವರೆಲ್ಲ ಕೈ ಬಿಟ್ಟು ನೋಡುತ್ತ ನಿಂತರು. ಕುಳ್ಳ ಪೆಟ್ಟಿಗೆಯ ಹಿಂದೆ ಅಡಗಿಕೊಂಡ.

"ಗಂಡ ಹೆಂಡತಿ ಇಬ್ಬರೂ ಸೇರಿ ನನ್ನ ತಲೆ ತಿಂದ್ರಿ" ಎಂದು ಅಣ್ಣ ಕಾರಿನ ಕೀಲಿ ತೆಗೆದುಕೊಂಡು ಹೋದ. ಮುಚ್ಚಿದ ಬೇಕರಿಯೊಂದರಿಂದ ಹಳೇ ಫ್ಯಾನು ತಂದ. ಅದನ್ನು ಹಾಕಿದರೆ ತುಂಬಿದ ಬಸ್ಸು ಗುಡ್ಡ ಹತ್ತಿದ ಸದ್ದು. ಆದರೆ ಹಳದಿ ಮಂಜು ಬಾಲ ಮುದುರಿದ ನಾಯಿಯಂತೆ ಕೊಳವೆಯೊಳಗೆ ಹೋಯಿತು.

ಆ ರಾತ್ರಿ ಅವಳು ಗಂಡನ ಜೊತೆ ಮಾತಾಡಲಿಲ್ಲ. ಒಂದು ವಾರ ಆಡಲಿಲ್ಲ. ಅವನಿಗೆ ಯಾಕೆಂದು ಕೊನೆಗೂ ತಿಳಿಯಲಿಲ್ಲ.

ಅದಾದ ಮೇಲೆ ಕುಳ್ಳ ಕ್ರೋಮಿಗೆ ಬಂದ, ತೂತುಮೂಗ ಬಹಳ ವರ್ಷ ಹಿಂದಿನ ಕೋಣೆಯಲ್ಲೇ ಇದ್ದ. ಕೆಮ್ಮು ನಿಂತಿತು. ಮೂಗಿನ ತೂತು ಮುಚ್ಚಲಿಲ್ಲ, ದಾರದ ಆಟವೂ ನಿಲ್ಲಲಿಲ್ಲ. ಕಾಯುವುದನ್ನು ಮಾತ್ರ ಎಷ್ಟು ಚೆನ್ನಾಗಿ ಕಲಿತನೆಂದರೆ ಮನೆಯಲ್ಲಿ ಹಾಲು ಉಕ್ಕುವುದನ್ನೂ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದ.

ಹೋದದ್ದೂ ಆ ಕೋಣೆಯಲ್ಲೇ, ಸ್ಟೂಲಿನ ಮೇಲೆ ಕೂತಲ್ಲೇ, ನೀರಿನಲ್ಲಿ ಹಾಳೆ ಇರುವಾಗ. ಆಸ್ಪತ್ರೆಯ ಡಾಕ್ಟರು, "ಹೃದಯ ನಿಂತಿದೆಯಮ್ಮ. ಶ್ವಾಸಕೋಶದಲ್ಲಿ ಏನೂ ತೊಂದರೆ ಇರಲಿಲ್ಲ" ಎಂದರು. ಅವರು ಸಮಾಧಾನಕ್ಕೆ ಹೇಳಿದ್ದು. ಅಷ್ಟು ಜಗಳ ಆಡಿ ಉಳಿಸಿದ ಎದೆಯಲ್ಲಿ ಇನ್ನೊಂದು ಸಾಮಾನು ಇತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಜನ ಬಂದು ಹೋಗುವುದು ಮುಗಿದ ಮೇಲೆ ಅವನ ಚಪ್ಪಲಿ, ಕನ್ನಡಕ ತರಲು ಕಾರ್ಖಾನೆಗೆ ಹೋದಳು. ಜೇಡಮ್ಮ ಚಪ್ಪಲಿಯ ಜೊತೆ ಒಂದು ತಗಡು ಕೊಟ್ಟಳು.

"ಆವತ್ತಿನ ಹಾಳೆ ಅಕ್ಕ. ಗಡಿಬಿಡೀಲಿ ಎತ್ತೋದು ಯಾರಿಗೂ ನೆನಪಾಗ್ಲಿಲ್ಲ. ನೀರು ಸಾಯೋವರೆಗೂ ಹತ್ತಿಸಿಕೊಂಡಿದೆ. ಸಂದಿ ಎಲ್ಲ ತುಂಬಿ ಬರೀ ತಾಮ್ರ. ಏನಕ್ಕೂ ಬರಲ್ಲ."

ಅವಳು ಊದಿ ನೋಡಿದಳು. ಉಸಿರು ಆಚೆಗೆ ಹೋಗಲಿಲ್ಲ. ತಗಡನ್ನು ಜೇಡಮ್ಮನಿಗೇ ವಾಪಸ್ ಕೊಟ್ಟಳು.

ಹೊರಗೆ ಬರುವಾಗ ಕಾ‍ರ್ಖಾನೆ ತೀರ ಸಪ್ಪಗಿದೆ ಅನ್ನಿಸಿತು. ಕ್ರೋಮ್ ತೊಟ್ಟಿ ಗುಳ್ಳೆ ಏಳುತ್ತಿತ್ತು. ಕುಳ್ಳ ಕಣ್ಣು ತೇವ ಮಾಡಿಕೊಂಡು ಹಳದಿ ಮಂಜಿನೊಳಗೆ ನಿಂತಿದ್ದ. ಫ್ಯಾನು ತಿರುಗುತ್ತಿರಲಿಲ್ಲ.

"ಇದ್ಯಾಕೋ ನಿಲ್ಲಿಸಿದೆ?"

"ಮೇಸ್ತ್ರಿ ಹೋದ್ರಲ್ಲಕ್ಕ. ಗಲಾಟೆ ಬೇಡ, ಅವರಿಗೆ ಮರ್ಯಾದೆ ಕೊಟ್ಟ ಹಾಗಾಗುತ್ತೆ ಅಂತ ಎಲ್ಲಾ ಸೇರಿ ನಿಲ್ಲಿಸಿದ್ವಿ."

"ತೊಟ್ಟಿ ಕರೆಂಟು?"

"ಅದು ನಿಲ್ಲಿಸಿದ್ರೆ ಕೆಲಸ ಹೇಗಾಗುತ್ತೆ ಅಕ್ಕ?"

ಅವಳು ಚಪ್ಪಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಮುಠ್ಠಾಳ! ಮರ್ಯಾದೆ ಅಂತೆ. ಅವರು ಏನಕ್ಕೆ ಹೊಡೆದಾಡಿದ್ರೋ ಅದನ್ನೇ ಆರಿಸಿ ಮರ್ಯಾದೆ!" ಎಂದು ಗೋಡೆಯ ಸ್ವಿಚ್ಚನ್ನು ಗುದ್ದಿದಳು.

ಬಸ್ಸು ಗುಡ್ಡ ಹತ್ತತೊಡಗಿತು. ಕಿಟಕಿಯ ಗಾಜೆಲ್ಲ ನಡುಗಿತು. ಆ ಸದ್ದಿನಲ್ಲಿ ಅವಳು ಮೊದಲ ಸಲ ಬಾಯಿ ಬಿಟ್ಟು ಅತ್ತಳು. ಕುಳ್ಳ ತೊಟ್ಟಿಯ ಕಡೆ ತಿರುಗಿ ನಿಂತಿದ್ದ, ಅವನಿಗೆ ಏನೂ ಕೇಳಿಸಲಿಲ್ಲ.